ಬಿಡದಿಯಲ್ಲಿ ಇಳಿಯುವವರು

ಮದುವೆಗೆ ಬಂದ ಬೀಗರ ದಿಬ್ಬಣ ಇಳಿದುಕೊಳ್ಳುವ ಮನೆಗೆ ನಮ್ಮ ನಾಡಿನಲ್ಲಿ ಬಿಡದಿ ಎಂದು ಹೆಸರು. ಚಾಪೆ ಹಾಸಿ, ಹಂಡೆಯಲ್ಲಿ ನೀರು ಕಾಯಿಸಿ, ಬಂದವರ ದಣಿವು ಆರುವವರೆಗೆ ಅವರನ್ನು ಉಪಚರಿಸುವ ತಾಣ ಅದು. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ ಮೂವತ್ತು ಕಿಲೋಮೀಟರು ಕಳೆದ ಮೇಲೆ ಎದುರಾಗುವ ಊರಿಗೂ ಇದೇ ಹೆಸರು. ಊರಿಗೆ ಹೆಸರು ಹೇಗೆ ಬಂದಿತೆಂಬ ವಿಚಾರವನ್ನು ಸ್ಥಳನಾಮದ ಪಂಡಿತರಿಗೆ ಬಿಡೋಣ. ಆದರೆ ಆ ಊರು ಬಹುಕಾಲದಿಂದ ತನ್ನ ಹೆಸರಿಗೆ ತಕ್ಕಂತೆ ನಡೆದುಕೊಂಡು ಬಂದಿತೆಂಬುದನ್ನು ಆ ದಾರಿಯಲ್ಲಿ ಓಡಾಡಿದವರೆಲ್ಲರೂ ಬಲ್ಲರು. ಬಸ್ಸು ನಿಲ್ಲುತ್ತಿತ್ತು, ಜನ ಇಳಿಯುತ್ತಿದ್ದರು, ಬಿಸಿ ತಟ್ಟೆ ಇಡ್ಲಿಯ ಮೇಲೆ ಬೆಣ್ಣೆ ಕರಗುವಷ್ಟು ಹೊತ್ತಾದರೂ ಪ್ರಯಾಣಿಕನಿಗೂ ಊರಿಗೂ ಒಂದು ಸಂಬಂಧ ಏರ್ಪಡುತ್ತಿತ್ತು.

ಈಗ ಊರಿನ ಮಗ್ಗುಲಲ್ಲಿ ಬೇರೊಂದು ದಾರಿ ಬಂದಿದೆ. ಅದರ ಮೇಲೆ ವಾಹನಗಳು ಗಂಟೆಗೆ ನೂರು ಕಿಲೋಮೀಟರು ವೇಗದಲ್ಲಿ ಹಾದುಹೋಗುತ್ತವೆ. ಹಾದುಹೋಗುವವರಿಗೆ ಬಿಡದಿಯೆಂಬುದು ಹಸಿರು ಹಲಗೆಯ ಮೇಲಿನ ಮೂರಕ್ಷರ; ಓದಿ ಮುಗಿಸುವಷ್ಟರಲ್ಲಿ ಅದೂ ಹಿಂದಾಗುತ್ತದೆ.

ರಸ್ತೆಗಳನ್ನು ಇನ್ನೂ ಅಗಲಿಸಬೇಕೇ ಅಥವಾ ಜನರನ್ನು ಒಟ್ಟಾಗಿ ಕೊಂಡೊಯ್ಯುವ ರೈಲು, ಮೆಟ್ರೋ, ಬಸ್ಸುಗಳನ್ನು ಹೆಚ್ಚಿಸಬೇಕೇ ಎಂಬ ವಾದ ಬೆಂಗಳೂರಿನಲ್ಲಿ ಹತ್ತಾರು ವರ್ಷಗಳಿಂದ ನಡೆದಿದೆ. ನಗರದವರಿಗೆ ಅದು ದಿನನಿತ್ಯದ ಸಂಕಟ. ಆದರೆ ನಗರವು ಯಾವ ದಿಕ್ಕಿಗೆ ಕೈಚಾಚುತ್ತಿದೆಯೋ ಆ ದಿಕ್ಕಿನ ಊರುಗಳಿಗೆ ಅದು ಮುಂದಿನ ಬಾಳಿನ ಪ್ರಶ್ನೆ. ಬಿಡದಿ ಅಂತಹ ಊರು. ಆದುದರಿಂದ ಈ ವಾದವನ್ನು ಒಮ್ಮೆ ಬೆಂಗಳೂರಿನ ವೃತ್ತಗಳಿಂದಲ್ಲದೆ ಬಿಡದಿಯ ನಿಲ್ದಾಣದಿಂದ ನೋಡುವುದು ಉಪಯುಕ್ತವಾದೀತು.

ಬರಗಾಲದಲ್ಲಿ ಹುಟ್ಟಿದ ಹಾದಿ

ಬಿಡದಿಗೆ ರೈಲು ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1876ರಿಂದ 1878ರವರೆಗೆ ಮೈಸೂರು ಸೀಮೆಯನ್ನು ಸುಟ್ಟ ಬರಗಾಲವನ್ನು ನಮ್ಮ ಹಿರಿಯರು ಧಾತು, ಈಶ್ವರ ಸಂವತ್ಸರಗಳ ಹೆಸರಿನಿಂದ ನೆನೆಯುತ್ತಿದ್ದರು. ಅನ್ನವಿಲ್ಲದ ಜನರಿಗೆ ಕೂಲಿ ದೊರಕಿಸಲೆಂದು ಕೈಗೊಂಡ ಕಾಮಗಾರಿಗಳಲ್ಲಿ ಬೆಂಗಳೂರು–ಮೈಸೂರು ಹಳಿಯ ಮಣ್ಣಿನ ಕೆಲಸವೂ ಒಂದು. 1881–82ರ ಹೊತ್ತಿಗೆ ಮೀಟರ್ ಗೇಜಿನ ಆ ಹಳಿ ಮೈಸೂರನ್ನು ಮುಟ್ಟಿತು. ಹಸಿದವರ ಬುಟ್ಟಿಯ ಮಣ್ಣಿನಿಂದ ಎದ್ದ ದಿಬ್ಬದ ಮೇಲೆ ಇಂದಿಗೂ ಗಾಡಿಗಳು ಓಡುತ್ತಿವೆಯೆಂಬುದನ್ನು ಕಿಟಕಿಯ ಪಕ್ಕದಲ್ಲಿ ಕುಳಿತವರು ಒಮ್ಮೆ ನೆನೆದರೆ ತಪ್ಪಾಗದು.

ಈ ಹಾದಿಯ ಗುಣವೊಂದನ್ನು ಗಮನಿಸಬೇಕು. ಕೆಂಗೇರಿ, ಹೆಜ್ಜಾಲ, ಬಿಡದಿ, ಕೇತೋಹಳ್ಳಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ—ಹೀಗೆ ಅದು ಊರಿನಿಂದ ಊರಿಗೆ ಕೈಹಿಡಿದುಕೊಂಡು ಸಾಗಿತು. ಗಾಡಿ ನಿಂತ ಕಡೆ ಬದುಕು ಕುದುರಿತು. ಮದ್ದೂರಿನ ವಡೆ ರೈಲಿನ ಕಿಟಕಿಯ ಮುಂದೆ ಹೆಸರು ಗಳಿಸಿತು. ಚನ್ನಪಟ್ಟಣದ ಅರಗಿನ ಬಣ್ಣದ ಬೊಂಬೆಗಳು ರಸ್ತೆಯ ಬದಿಯ ಅಂಗಡಿಗಳಿಂದ ಮಕ್ಕಳ ಕೈಸೇರಿದವು. ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ಬಂದು ಬಿದ್ದಿತು. ದಾರಿ ಊರನ್ನು ಸಾಕಿತು; ಊರು ದಾರಿಹೋಕನನ್ನು ಸಾಕಿತು. ಕೆಂಗಲ್ ಹನುಮಂತಯ್ಯನವರು ವಿಧಾನಸೌಧದ ಕರ್ತೃವೆಂದು ನಮಗೆಲ್ಲ ಪರಿಚಿತರು. ಇದೇ ಸೀಮೆಯವರಾದ ಅವರು 1971–72ರಲ್ಲಿ ಭಾರತದ ರೈಲ್ವೆ ಮಂತ್ರಿಗಳಾಗಿದ್ದರೆಂಬುದನ್ನು ನೆನೆಯುವವರು ಕಡಮೆ.

ಹೊಸ ಹೆದ್ದಾರಿಯ ಕತೆ

ಹೆದ್ದಾರಿಯ ಕನಸೂ ಹೊಸದಲ್ಲ. ಬೆಂಗಳೂರು–ಮೈಸೂರುಗಳ ನಡುವೆ ನೂರಹನ್ನೊಂದು ಕಿಲೋಮೀಟರಿನ ವೇಗದ ರಸ್ತೆಯೊಂದನ್ನೂ ಅದರ ಮಗ್ಗುಲಲ್ಲಿ ಐದು ಉಪನಗರಗಳನ್ನೂ ನಿರ್ಮಿಸುವ ಒಡಂಬಡಿಕೆಗೆ ರಾಜ್ಯ ಸರಕಾರ 1995ರಲ್ಲಿ ಸಹಿ ಹಾಕಿತು. 1997ರಲ್ಲಿ ಅದು ಕರಾರಾಯಿತು. ಐದು ಉಪನಗರಗಳ ಪೈಕಿ ಒಂದು ಬಿಡದಿಯದು. ಆಮೇಲೆ ನಡೆದದ್ದು ವ್ಯಾಜ್ಯಗಳ ಸರಮಾಲೆ. ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿಬಂದ ಆ ಯೋಜನೆಯಿಂದ ಬೆಂಗಳೂರಿನ ಹೊರವಲಯಕ್ಕೆ ಒಂದು ವರ್ತುಲ ರಸ್ತೆ ದಕ್ಕಿತು. ಮೈಸೂರಿನವರೆಗಿನ ದಾರಿ ದಕ್ಕಲಿಲ್ಲ.

ಕಡೆಗೆ ದಾರಿ ಬಂದದ್ದು ಬೇರೆ ಕೈಯಿಂದ. ಹಳೆಯ ಹೆದ್ದಾರಿಯನ್ನೇ ಕೇಂದ್ರ ಸರಕಾರ ಹಿಗ್ಗಿಸಿತು. ಸುಮಾರು 118 ಕಿಲೋಮೀಟರು ಉದ್ದ, ಸುಮಾರು 8,480 ಕೋಟಿ ರೂಪಾಯಿ ವೆಚ್ಚ. ನಡುವೆ ಆರು ಪಥಗಳ ಮುಖ್ಯರಸ್ತೆ, ಎರಡೂ ಮಗ್ಗುಲಲ್ಲಿ ಎರಡೆರಡು ಪಥಗಳ ಸೇವಾರಸ್ತೆ. 2023ರ ಮಾರ್ಚ್ 12ರಂದು ಪ್ರಧಾನಿಗಳು ಅದನ್ನು ಉದ್ಘಾಟಿಸಿದರು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ—ಒಂದೊಂದು ಊರನ್ನೂ ಬಳಸಿಕೊಂಡು ಅದು ಸಾಗುತ್ತದೆ.

ಈ ರಸ್ತೆಯಿಂದ ಉಪಕಾರವಾಗಿಲ್ಲವೆಂದು ಹೇಳುವುದು ಸತ್ಯಕ್ಕೆ ಮಾಡುವ ಅಪಚಾರ. ಮೂರು ಗಂಟೆಯ ಪ್ರಯಾಣ ಒಂದೂವರೆ ಗಂಟೆಗೆ ಇಳಿಯಿತು. ಮೈಸೂರಿನ ರೋಗಿ ಬೆಂಗಳೂರಿನ ಆಸ್ಪತ್ರೆಗೆ ಬೇಗ ಬರುತ್ತಾನೆ. ತರಕಾರಿ ಬಾಡುವ ಮೊದಲೇ ಪೇಟೆ ಸೇರುತ್ತದೆ. ಹಳೆಯ ರಸ್ತೆಯ ಗಿಜಿಗಿಜಿಯಲ್ಲಿ ಉಸಿರುಕಟ್ಟಿದ್ದ ಊರುಗಳ ಬೀದಿಗಳಲ್ಲಿ ಲಾರಿಗಳ ಹೊಗೆ ತಗ್ಗಿತು.

ಆದರೆ ಲೆಕ್ಕದ ಇನ್ನೊಂದು ಕಡೆಯೂ ಇದೆ. 2022ರ ಆಗಸ್ಟಿನ ಮಳೆಯಲ್ಲಿ ರಾಮನಗರದ ಬಳಿ ಹೊಸ ರಸ್ತೆಯ ಮೇಲೆ ನೀರು ನಿಂತಿತು. ಉದ್ಘಾಟನೆಯಾದ ವಾರದೊಳಗೆ ಮತ್ತೊಮ್ಮೆ ನಿಂತಿತು. ಸಹಜವಾಗಿ ಹರಿಯುತ್ತಿದ್ದ ಹಳ್ಳಕ್ಕೆ ಯಾವ ಹೆದ್ದಾರಿಯ ನಕ್ಷೆಯೂ ತಿಳಿಯದಷ್ಟೆ. ಅದಕ್ಕಿಂತ ಘೋರವಾದದ್ದು ಸಾವಿನ ಲೆಕ್ಕ. 2023ರ ಒಂದೇ ವರ್ಷದಲ್ಲಿ ಈ ರಸ್ತೆಯಲ್ಲಿ ನೂರಕ್ಕೂ ಹೆಚ್ಚು ಜನ ಅಪಘಾತಗಳಲ್ಲಿ ಅಸುನೀಗಿದರು. ವೇಗಕ್ಕೆ ಮಿತಿ ಹಾಕಿ, ಕಾವಲು ಬಿಗಿಮಾಡಿದ ಮೇಲೆ ಸಾವುಗಳು ಇಳಿದವು. ಆ ವರ್ಷದ ಆಗಸ್ಟ್ 1ರಿಂದ ಮುಖ್ಯರಸ್ತೆಯ ಮೇಲೆ ಮೋಟಾರು ಸೈಕಲ್ಲು, ಆಟೋರಿಕ್ಷಾ, ಟ್ರಾಕ್ಟರುಗಳನ್ನು ನಿಷೇಧಿಸಲಾಯಿತು.

ಆ ನಿಷೇಧ ಜೀವರಕ್ಷಣೆಗಾಗಿ. ಅದರ ಔಚಿತ್ಯವನ್ನು ಪ್ರಶ್ನಿಸುವಂತಿಲ್ಲ. ಆದರೂ ಅದರ ಅರ್ಥವೇನೆಂದು ಯೋಚಿಸಬೇಕು. ಬೈಕು, ಆಟೋ, ಟ್ರಾಕ್ಟರು—ಬಿಡದಿಯ ಸುತ್ತಲ ಹಳ್ಳಿಗಳ ಜನ ಹತ್ತುವ ವಾಹನಗಳೆಂದರೆ ಇವೇ. ಹಾಗಾದರೆ ದಾರಿಗಾಗಿ ನೆಲ ಬಿಟ್ಟುಕೊಟ್ಟವನ ಟ್ರಾಕ್ಟರಿಗೆ ಆ ದಾರಿ ಇಲ್ಲ. ಅವನಿಗೆ ಉಳಿದದ್ದು ಪಕ್ಕದ ಸೇವಾರಸ್ತೆ. ಕಾರಿಲ್ಲದ ಪ್ರಯಾಣಿಕನೂ ಸುಂಕದಿಂದ ತಪ್ಪಿಸಿಕೊಳ್ಳಲಿಲ್ಲ. ಸುಂಕ ವಸೂಲಿ ಆರಂಭವಾದೊಡನೆಯೇ ಆ ದಾರಿಯ ಸರಕಾರಿ ಬಸ್ಸುಗಳ ಟಿಕೆಟ್ಟಿನ ಮೇಲೆ ಅದರ ಪಾಲು ಬಿದ್ದಿತು. ಹಳೆಯ ದಾರಿಯಲ್ಲಿದ್ದ ಹೋಟೆಲು, ಬೊಂಬೆಯಂಗಡಿ, ಎಳನೀರಿನ ಗಾಡಿಗಳ ಮುಂದೆ ಗಿರಾಕಿ ತೆಳುವಾದ.

ಅಗಲಿಸಿದಷ್ಟೂ ಸಾಲದ ದಾರಿ

ರಸ್ತೆ ಅಗಲವಾದರೆ ನೂಕುನುಗ್ಗಲು ಕಡಮೆಯಾಗುತ್ತದೆಂಬುದು ಮೇಲುನೋಟಕ್ಕೆ ನ್ಯಾಯವಾಗಿಯೇ ತೋರುತ್ತದೆ. ಆದರೆ ರಸ್ತೆ ಕೊಳವೆಯಲ್ಲ, ವಾಹನ ನೀರಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಆಂಥೊನಿ ಡೌನ್ಸ್ 1962ರಲ್ಲಿಯೇ ಇದನ್ನು ವಿವೇಚಿಸಿ ತೋರಿಸಿದರು. ದಟ್ಟಣೆಯ ಹೊತ್ತಿನಲ್ಲಿ ದಾರಿ ಸಲೀಸಾದೊಡನೆ, ಬೇರೆ ಹೊತ್ತಿನಲ್ಲಿ ಹೋಗುತ್ತಿದ್ದವರು, ಬೇರೆ ರಸ್ತೆ ಹಿಡಿದಿದ್ದವರು, ರೈಲು–ಬಸ್ಸುಗಳಲ್ಲಿ ಹೋಗುತ್ತಿದ್ದವರು ಎಲ್ಲರೂ ಅದೇ ದಾರಿಗೆ ಬರುತ್ತಾರೆ. ಸ್ವಲ್ಪ ದಿನದಲ್ಲಿ ಅದು ಮೊದಲಿನಂತೆಯೇ ತುಂಬುತ್ತದೆ. ಹ್ಯೂಸ್ಟನ್ ನಗರದಲ್ಲಿ ಕೇಟಿ ಹೆದ್ದಾರಿಯನ್ನು ಕೆಲವೆಡೆ ಪಕ್ಕದ ರಸ್ತೆಗಳೂ ಸೇರಿ ಇಪ್ಪತ್ತಾರು ಪಥಗಳಿಗೆ ಹಿಗ್ಗಿಸಿ 2008ರಲ್ಲಿ ಮುಗಿಸಿದರು. ಕೆಲವೇ ವರ್ಷಗಳಲ್ಲಿ ದಟ್ಟಣೆಯ ಹೊತ್ತಿನ ಪ್ರಯಾಣ ಮತ್ತೆ ನಿಧಾನವಾಯಿತು. ಬೊಜ್ಜು ಬೆಳೆದಂತೆಲ್ಲ ಅಂಗಿಯನ್ನು ಬಿಚ್ಚಿ ಹೊಲಿಸಿದರೆ ಹೊಲಿಗೆಯವನಿಗೆ ಲಾಭ, ಆರೋಗ್ಯಕ್ಕಲ್ಲ.

ಬೆಂಗಳೂರಿನ ಜನಕ್ಕೆ ಇದರ ಅರಿವು ಅನುಭವದಿಂದಲೇ ಬಂದಿದೆ. 2016ರ ಅಕ್ಟೋಬರಿನಲ್ಲಿ, ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆ ಬೇಡವೆಂದು ಸಾವಿರಾರು ಜನ ಬೀದಿಗಿಳಿದು ಕೈಕೈ ಹಿಡಿದು ನಿಂತರು. ಮರುವರ್ಷದ ಮಾರ್ಚಿನಲ್ಲಿ ಸರಕಾರ ಆ ಯೋಜನೆಯನ್ನು ಕೈಬಿಟ್ಟಿತು. ಬೇಡವೆಂದವರು ಅಷ್ಟಕ್ಕೇ ಸುಮ್ಮನಾಗದೆ ‘ಚುಕುಬುಕು ಬೇಕು’ ಎಂದು ಉಪನಗರ ರೈಲಿಗಾಗಿಯೂ ಕೂಗೆತ್ತಿದರು. 2025ರಲ್ಲಿ ಹೆಬ್ಬಾಳದಿಂದ ರೇಷ್ಮೆ ಮಂಡಳಿಯ ವೃತ್ತದವರೆಗೆ ಸುಮಾರು ಹದಿನೇಳು ಕಿಲೋಮೀಟರಿನ ಸುರಂಗ ರಸ್ತೆಯ ಬಗೆಗೆ ಅದೇ ವಾದ ಮತ್ತೆ ಎದ್ದಿತು. ಅದರ ಅಂದಾಜು ವೆಚ್ಚ ಹದಿನೇಳು ಸಾವಿರ ಕೋಟಿ ರೂಪಾಯಿಗೂ ಮೀರಿದ್ದು. 2020ರಲ್ಲಿ ಕೇಂದ್ರದ ಒಪ್ಪಿಗೆ ಪಡೆದ ಉಪನಗರ ರೈಲಿನ ನಾಲ್ಕು ಮಾರ್ಗಗಳ ಒಟ್ಟು ಉದ್ದ 148 ಕಿಲೋಮೀಟರು. ಅಂದಾಜು 15,767 ಕೋಟಿ. ಈ ಎರಡು ಲೆಕ್ಕಗಳನ್ನು ಪಕ್ಕಪಕ್ಕದಲ್ಲಿ ಬರೆದು ನೋಡಿದರೆ, ವಿಶೇಷಜ್ಞರಲ್ಲದವರಿಗೂ ಕೆಲವು ಪ್ರಶ್ನೆಗಳು ಹುಟ್ಟುತ್ತವೆ.

ಹಳಿಯ ಲೆಕ್ಕ

ಒಂದು ಪಥದ ಮೇಲೆ ಒಂದು ಗಂಟೆಯಲ್ಲಿ ಹೆಚ್ಚೆಂದರೆ ಎರಡು ಸಾವಿರದಷ್ಟು ಕಾರುಗಳು ಹೋಗಬಲ್ಲವು. ಕಾರಿಗೆ ಇಬ್ಬರಂತೆ ಹಿಡಿದರೂ ನಾಲ್ಕು ಸಾವಿರ ಜನ. ಈ ದಾರಿಯಲ್ಲಿ ಓಡುವ ‘ಮೆಮು’ ವಿದ್ಯುತ್ ಗಾಡಿಯೊಂದು ತುಂಬಿದಾಗ ಎರಡು ಸಾವಿರದಷ್ಟು ಜನರನ್ನು ಹೊರುತ್ತದೆ. ಕಾಲುಗಂಟೆಗೊಂದು ಗಾಡಿ ಬಿಟ್ಟರೆ ಒಂದೇ ಹಳಿ ಎರಡು ಪಥಗಳ ಕೆಲಸವನ್ನು ಮಾಡೀತು. ಅದೂ ಹೊಸ ನೆಲವನ್ನು ಕೇಳದೆ.

ಹಳಿಯೇನೋ ಸಿದ್ಧವಾಗಿಯೇ ಇದೆ. ಮೀಟರ್ ಗೇಜು ಹೋಗಿ ಬ್ರಾಡ್ ಗೇಜು ಬಂದದ್ದು 1990ರ ದಶಕದಲ್ಲಿ. ಆಮೇಲೆ ಜೋಡಿ ಹಳಿಯ ಕೆಲಸ ಹತ್ತು ವರ್ಷಕ್ಕೂ ಮೀರಿ ತೆವಳಿತು. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಮದ್ದಿನ ಮನೆ ಹಳಿಗೆ ಅಡ್ಡವಾಗಿತ್ತು. ಅದನ್ನು ಕೆಡವದೆ, 2017ರಲ್ಲಿ ಇಡಿಯ ಕಟ್ಟಡವನ್ನೇ ಬುಡಸಮೇತ ಎತ್ತಿ ನೂರು ಮೀಟರಿಗೂ ಆಚೆಗೆ ಸರಿಸಿದರು. ಹಿಂದಿನವರ ಕಟ್ಟಡಕ್ಕೆ ತೋರಿದ ಆ ಗೌರವ ಮೆಚ್ಚತಕ್ಕದ್ದು. ಈಗ ಬೆಂಗಳೂರಿನಿಂದ ಮೈಸೂರಿನವರೆಗೂ ಜೋಡಿ ಹಳಿ, ಮೇಲೆ ವಿದ್ಯುತ್ ತಂತಿ.

ಇಷ್ಟಾದರೂ ಬಿಡದಿಯ ಪಾಲಿಗೆ ಬಂದದ್ದೇನು? ಬೆಂಗಳೂರಿನ ಉಪನಗರ ರೈಲಿನ ನಾಲ್ಕು ಮಾರ್ಗಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕವೆಂಬ ಹೂವಿನ ಹೆಸರುಗಳಿವೆ. ಪಶ್ಚಿಮದ ಕಡೆ ಬರುವ ಪಾರಿಜಾತ ಕೆಂಗೇರಿಯಲ್ಲಿಯೇ ಉದುರಿ ಬೀಳುತ್ತದೆ. ಮೆಟ್ರೋ 2021ರಲ್ಲಿ ಕೆಂಗೇರಿಗೂ, 2023ರ ಅಕ್ಟೋಬರಿನಲ್ಲಿ ಚಲ್ಲಘಟ್ಟಕ್ಕೂ ಬಂತು. ಅಲ್ಲಿಂದ ಬಿಡದಿಗೆ ಸುಮಾರು ಹದಿನೈದು ಕಿಲೋಮೀಟರು ಮುಂದುವರಿಸುವ ಸಾಧ್ಯತೆಯ ಪರಿಶೀಲನೆಗೆ ಮೆಟ್ರೋ ನಿಗಮ 2024ರಲ್ಲಿ ಕೈಹಾಕಿತು. ಹೆದ್ದಾರಿಯ ಕಾಂಕ್ರೀಟು ಗಟ್ಟಿಯಾಗಿ ಸುಂಕ ವಸೂಲಾಗುತ್ತಿದ್ದ ಕಾಲದಲ್ಲಿ ರೈಲು ಇನ್ನೂ ಕಾಗದದ ಮೇಲೆ ಓಡುತ್ತಿತ್ತು.

ರೈಲಿನ ಪಕ್ಷ ವಹಿಸುವವರು ಇನ್ನೂ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಹಳಿಯ ಮೇಲೆ ಓಡುವುದೆಲ್ಲ ಊರಿನ ಬಂಧುವಲ್ಲ. 2022ರ ನವೆಂಬರಿನಲ್ಲಿ ಆರಂಭವಾದ ಚೆನ್ನೈ–ಮೈಸೂರು ವಂದೇ ಭಾರತ್ ಗಾಡಿ ಬಿಡದಿಯ ನಿಲ್ದಾಣದ ಮುಂದೆಯೇ ಹೋಗುತ್ತದೆ, ನಿಲ್ಲುವುದಿಲ್ಲ. ಅಂತಹ ಗಾಡಿಗಳಿಗೆ ದಾರಿ ಬಿಡಲು ಊರೂರಿಗೆ ನಿಲ್ಲುವ ಗಾಡಿ ಬದಿಗೆ ಸರಿದು ಕಾಯಬೇಕಾಗುತ್ತದೆ. ಮೆಟ್ರೋ ಅಗ್ಗದ ಮಾತೂ ಅಲ್ಲ. ಬೆಂಗಳೂರಿನ ಮೊದಲ ಹಂತದ 42 ಕಿಲೋಮೀಟರಿಗೆ ತಗುಲಿದ ಹಣವನ್ನು ಭಾಗಿಸಿದರೆ ಕಿಲೋಮೀಟರಿಗೆ ಮುನ್ನೂರು ಕೋಟಿಗೂ ಹೆಚ್ಚು. ನಮ್ಮ ಹೆದ್ದಾರಿಗೆ ಎಪ್ಪತ್ತು ಕೋಟಿಯ ಸುಮಾರು. ಮೆಟ್ರೋ ಟಿಕೆಟ್ಟಿನ ಗರಿಷ್ಠ ದರ 2025ರ ಫೆಬ್ರವರಿಯಲ್ಲಿ ಅರವತ್ತರಿಂದ ತೊಂಬತ್ತು ರೂಪಾಯಿಗೆ ಏರಿದಾಗ ಅನೇಕರು ಮರಳಿ ಬೈಕು ಹತ್ತಿದರು. ಸಮೂಹ ಸಾರಿಗೆಯೆಂಬ ಹೆಸರಿದ್ದಮಾತ್ರಕ್ಕೆ ಸಮೂಹದ ಕೈಗೆ ಎಟುಕುತ್ತದೆಂದು ಭಾವಿಸುವಂತಿಲ್ಲ.

ಹೀಗೆ ನೋಡಿದರೆ ರಸ್ತೆಯೋ ರೈಲೋ ಎಂಬ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಅಡಗಿದೆ. ದಾರಿಯೆಂಬುದು ಹಾದುಹೋಗುವವರಿಗೋ, ಇಳಿಯುವವರಿಗೋ?

ಒಂದು ದಿನದ ಪ್ರಯಾಣ

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಬೈರಮಂಗಲದ ಕಡೆಯ ಹಳ್ಳಿಯೊಂದರ ರೈತನ ಮಗಳು ಬೆಂಗಳೂರಿನ ಕಾಲೇಜಿನಲ್ಲಿ ಓದುತ್ತಾಳೆ. ಬೆಳಗಿನ ಜಾವ ಎದ್ದು, ಅಪ್ಪನ ಬೈಕಿನಲ್ಲಿ ಬಿಡದಿಗೆ ಬರುತ್ತಾಳೆ. ರೈಲು ಸಿಕ್ಕರೆ ರೈಲು, ತಪ್ಪಿದರೆ ಬಸ್ಸು. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಹಣವಿಲ್ಲವೆಂಬುದು ದೊಡ್ಡ ಆಸರೆ. ಆದರೆ ಬಸ್ಸು ತುಂಬಿರುತ್ತದೆ. ಕೆಂಗೇರಿಯಲ್ಲಿ ಇಳಿದು ಮೆಟ್ರೋ ಹತ್ತಬೇಕು; ಅಲ್ಲಿಂದ ಮತ್ತೆ ನಡೆಯಬೇಕು. ಸಂಜೆ ಇದೇ ಸರಣಿ ಹಿಂದುಮುಂದಾಗಿ. ಕತ್ತಲಾದ ಮೇಲೆ ಬಿಡದಿಯಿಂದ ಹಳ್ಳಿಗೆ ಬಸ್ಸಿಲ್ಲವೆಂದರೆ, ಮುಂದಿನ ವರ್ಷ ಓದು ಬಿಡಿಸೋಣವೇ ಎಂಬ ಮಾತು ಮನೆಯಲ್ಲಿ ಏಳುತ್ತದೆ.

ಈ ಹುಡುಗಿಗೆ ಹತ್ತು ಪಥದ ಹೆದ್ದಾರಿಯಿಂದ ಉಳಿದ ಸಮಯವೆಷ್ಟು? ಅವಳ ಸಮಯ ಕಳೆಯುವುದು ಗಾಡಿ ಓಡುವಾಗ ಅಲ್ಲ, ಗಾಡಿಗಾಗಿ ಕಾಯುವಾಗ. ನೂರು ಕಿಲೋಮೀಟರು ವೇಗಕ್ಕಿಂತ, ಹೇಳಿದ ಹೊತ್ತಿಗೆ ಬರುವ ಗಾಡಿ ಅವಳಿಗೆ ದೊಡ್ಡದು. ಇಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಿದೆ. ದೇಶದ ಉದ್ದಗಲಕ್ಕೂ ಓಡುವ ಕಾರುಗಳು ಬಿಡದಿಯಲ್ಲಿ ಸಿದ್ಧವಾಗುತ್ತವೆ. ಆ ಕೈಗಾರಿಕಾ ವಲಯದ ಪಾಳಿ ಮುಗಿಸಿ ಹೊರಬರುವ ದುಡಿಮೆಗಾರರಲ್ಲಿ ಬಹುಮಂದಿ ಮನೆಗೆ ಹೋಗುವುದು ಕಂಪನಿಯ ಬಸ್ಸಿನಲ್ಲಿ, ಬೈಕಿನಲ್ಲಿ, ಹಂಚಿಕೊಂಡ ಆಟೋದಲ್ಲಿ. ಕಾರು ಮಾಡುವ ಊರಿಗೂ ಕಾರು ಸಾಲದು; ಅದಕ್ಕೆ ಬೇಕಾದದ್ದು ಹತ್ತಿ ಇಳಿಯುವ ಗಾಡಿ.

ಮೊದಲು ಯಾವುದು?

ಈ ಪ್ರಶ್ನೆಗೆ ಈಗ ಅವಸರ ಬಂದಿದೆ. 2007ರಲ್ಲಿ ರಾಮನಗರ ಜಿಲ್ಲೆಯಾದ ಸೀಮೆಗೆ 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಹೆಸರಿಡಲು ಸರಕಾರ ನಿರ್ಧರಿಸಿತು. ಅದೇ ವರ್ಷ ಬಿಡದಿಯ ಉಪನಗರದ ಹಳೆಯ ಯೋಜನೆಗೆ ಹೊಸ ರೂಪದಲ್ಲಿ ಜೀವ ಬಂತು. ಬೈರಮಂಗಲ, ಕಂಚುಗಾರನಹಳ್ಳಿ ಪಂಚಾಯತಿಗಳ ಹಳ್ಳಿಗಳಲ್ಲಿ ಒಂಬತ್ತು ಸಾವಿರ ಎಕರೆಗಳಷ್ಟು ನೆಲ ಅದಕ್ಕೆ ಬೇಕು. ರೈತರು ಪ್ರತಿಭಟನೆಗೆ ಕುಳಿತರು. ವೃಷಭಾವತಿಯ ಮೂಲಕ ಬೆಂಗಳೂರಿನ ಕೊಳೆನೀರನ್ನು ಬೈರಮಂಗಲದ ಕೆರೆಯಲ್ಲಿ ಎಷ್ಟೋ ವರ್ಷಗಳಿಂದ ಸಹಿಸಿಕೊಂಡು ಬಂದ ಹಳ್ಳಿಗಳಿವು. ನಗರ ಮೊದಲು ತನ್ನ ನೀರನ್ನು ಕಳಿಸಿತು; ಈಗ ತಾನೇ ಬರುವೆನೆನ್ನುತ್ತಿದೆ. ಆ ನೆಲ ಕೊಡಬೇಕೇ ಬೇಡವೇ ಎಂಬುದನ್ನು ಆ ನೆಲದ ಒಡೆಯರ ಮಾತು ಕೇಳದೆ ತೀರ್ಮಾನಿಸುವುದು ನ್ಯಾಯವಲ್ಲ. ಆದರೆ ಯಾವ ರೂಪದಲ್ಲಿ ನಗರ ಬೆಳೆದು ಬಂದರೂ, ಅದು ಯಾವ ವಾಹನವನ್ನು ಹತ್ತಿ ಬರುತ್ತದೆಂಬುದರ ಮೇಲೆ ಅದರ ಆಕಾರ ನಿಲ್ಲುತ್ತದೆ.

ಹೆದ್ದಾರಿಯನ್ನು ನಂಬಿ ಬೆಳೆದ ನಗರ ಎಣ್ಣೆಯ ಹನಿಯಂತೆ ಹರಡುತ್ತದೆ. ಪ್ರತಿ ಮನೆಗೂ ಕಾರು, ಪ್ರತಿ ಕಾರಿಗೂ ಎರಡು ಕಡೆ ನಿಲ್ಲುವ ಜಾಗ. ಹಿಪ್ಪುನೇರಳೆಯ ತೋಟ, ಮಾವಿನ ತೋಪುಗಳಿಗೆ ಉಳಿಯುವ ನೆಲ ಕಿರಿದಾಗುತ್ತದೆ. ಹಳಿಯನ್ನು ನಂಬಿದ ನಗರ ನಿಲ್ದಾಣದ ಸುತ್ತ ಗುಂಪುಗೂಡುತ್ತದೆ. ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ 1947ರಲ್ಲಿ ತನ್ನ ಬೆಳವಣಿಗೆಗೆ ಒಂದು ನಕ್ಷೆ ಹಾಕಿಕೊಂಡಿತು. ಹಳೆಯ ನಗರ ಅಂಗೈ; ಅಲ್ಲಿಂದ ಹೊರಟ ರೈಲುಹಾದಿಗಳು ಐದು ಬೆರಳು. ಮನೆಗಳು ಬೆರಳಿನ ಮೇಲೆ, ನಿಲ್ದಾಣಗಳ ಸುತ್ತ. ಬೆರಳುಗಳ ನಡುವೆ ಹೊಲ, ಕಾಡು, ಹಸುರು. ಬೆಂಗಳೂರಿನ ಅಂಗೈಯಿಂದ ಪಶ್ಚಿಮಕ್ಕೆ ಚಾಚಿದ ಬೆರಳೊಂದು 1881ರಿಂದಲೇ ಇದೆ. ಅದರ ಗಿಣ್ಣುಗಳೇ ಕೆಂಗೇರಿ, ಹೆಜ್ಜಾಲ, ಬಿಡದಿ, ರಾಮನಗರ. ನಾವು ಹೊಸದಾಗಿ ಕಂಡುಹಿಡಿಯಬೇಕಾದದ್ದು ಏನೂ ಇಲ್ಲ, ಇರುವುದನ್ನು ಬಳಸಬೇಕು.

ಹಾಗೆಂದಮಾತ್ರಕ್ಕೆ ಕಟ್ಟಿದ ಹೆದ್ದಾರಿಯನ್ನು ಅಗೆದು ಹಾಕಬೇಕೆಂದು ಯಾರೂ ಹೇಳುವುದಿಲ್ಲ. ಅದು ಹಾದುಹೋಗುವವರಿಗೆ ಬೇಕಾದದ್ದೇ. ಆದರೆ ಮುಂದಿನ ರೂಪಾಯಿ ಎಲ್ಲಿಗೆ ಹೋಗಬೇಕೆಂಬ ಮಾತು ಬಂದಾಗ ಸರದಿ ಇಳಿಯುವವರದು. ಕೆಂಗೇರಿಯಲ್ಲಿ ನಿಂತ ಉಪನಗರ ರೈಲು ರಾಮನಗರದವರೆಗೆ ಬರಲಿ. ಅಗತ್ಯವಿದ್ದರೆ ಅದಕ್ಕೆ ಬೇರೆ ಜೋಡಿ ಹಳಿ ಹಾಕಲಿ. ಅಲ್ಲಿಯವರೆಗೆ ಇರುವ ಹಳಿಯ ಮೇಲೆಯೇ ಬೆಳಗ್ಗೆ ಸಂಜೆ ನಿಲ್ಲುವ ಗಾಡಿಗಳು ಹೆಚ್ಚಲಿ. ನಿಲ್ದಾಣದಿಂದ ಹಳ್ಳಿಗಳಿಗೆ ರಾತ್ರಿಯ ಕಡೆಯ ಗಾಡಿಯವರೆಗೂ ಬಸ್ಸು ಕಾದಿರಲಿ. ಉಪನಗರದ ಮೊದಲ ಮನೆಗೆ ಅಡಿಗಲ್ಲು ಹಾಕುವ ಮುನ್ನ ಅದರ ನಿಲ್ದಾಣಕ್ಕೆ ಅಡಿಗಲ್ಲು ಬೀಳಲಿ. ಬರಗಾಲದಲ್ಲಿ, ಬೊಕ್ಕಸ ಬರಿದಾಗಿದ್ದ ಕಾಲದಲ್ಲಿ, ಬುಟ್ಟಿ ಗುದ್ದಲಿಗಳಿಂದ ಐದಾರು ವರ್ಷದಲ್ಲಿ ಮೈಸೂರಿನವರೆಗೆ ಹಳಿ ಹಾಕಿದ ನಾಡು ಇದು. ಕೆಂಗೇರಿಯಿಂದ ಬಿಡದಿಯವರೆಗಿನ ಅಂತರ ಅದಕ್ಕೆ ಹೆಚ್ಚಿನದೇನಲ್ಲ.

ಬೀಗರಿಗೆ ಬಿಡದಿ ಏರ್ಪಡಿಸುವವರು, ಅವರು ಬರುವ ಮೊದಲೇ ಚಾಪೆ ಹಾಸಿಟ್ಟಿರುತ್ತಾರೆ. ಬಂದ ಮೇಲೆ ಚಾಪೆ ಹುಡುಕುವುದು ನಮ್ಮ ಪದ್ಧತಿಯಲ್ಲ. ಲಕ್ಷಾಂತರ ಜನ ಬಿಡದಿಗೆ ಬರುವರೆಂದು ಸರಕಾರವೇ ಹೇಳುತ್ತಿರುವಾಗ, ಅವರು ಇಳಿಯುವ ಜಾಗವನ್ನು ಸಿದ್ಧಮಾಡುವುದು ಮೊದಲ ಕೆಲಸವಾಗಬೇಕು. ಇದ್ದ ಊರಿನವರಿಗೂ, ಆ ಕಾಲೇಜಿನ ಹುಡುಗಿಗೂ, ಅಲ್ಲಿಯೇ ಒಂದು ಗಾಡಿ ಹೊತ್ತಿಗೆ ಸರಿಯಾಗಿ ಬಂದು ನಿಲ್ಲುವಂತಾದರೆ ಊರಿನ ಹೆಸರು ಉಳಿಯುತ್ತದೆ.